ಗಾಡಿ ಕೊಟ್ಟ ಎರಡು ಸೆಕೆಂಡು

ಅಕ್ಟೋಬರ್ 8, ಭಾನುವಾರ

ಹೊಸ ಗಾಡಿಗೆ ತಲೆ ಕೆಟ್ಟಿದೆ. ಏಪ್ರಿಲಿನಲ್ಲಿ ಕೊಳ್ಳುವಾಗಲೇ ಫುಮಿಗೆ ಹೇಳಿದ್ದೆ, ತಾನಾಗಿ ಬ್ರೇಕು ಹಾಕುವ ಗಾಡಿ ನಮಗೇಕೆ, ನನ್ನ ಕಾಲಿಗೇನು ಲಕ್ವ ಹೊಡೆದಿದೆಯೇ ಎಂದು. ಟೀವಿಯಲ್ಲಿ ಮುದುಕರು ಅಂಗಡಿಗೆ ಗಾಡಿ ನುಗ್ಗಿಸಿದ ಸುದ್ದಿಗಳನ್ನು ನೋಡಿ ನೋಡಿ ಅವಳಿಗೆ ಭಯ ಹತ್ತಿತ್ತು. ಹೆಂಡತಿಯ ಸಮಾಧಾನಕ್ಕೆಂದು ತಂದೆ. ಇವತ್ತು ಅದರ ಫಲ ಉಂಡದ್ದಾಯಿತು.

ಬೆಳಗ್ಗೆ ಹತ್ತೂವರೆಗೆ ಸೂಪರ್‌ಮಾರ್ಕೆಟ್ಟಿನಲ್ಲಿ ಸಾಮಾನು ಕೊಂಡದ್ದು ಮುಗಿದಿತ್ತು. ಫುಮಿ ತಳ್ಳುಗಾಡಿಯನ್ನು ಅದರ ಜಾಗದಲ್ಲಿ ಬಿಟ್ಟು ಬರಲು ಹೋದಳು. ಅವಳಿಗೆ ನಡಿಗೆ ಕಡಿಮೆಯಾಗಲಿ ಎಂದು ನಾನು ಗಾಡಿಯನ್ನು ಪಾರ್ಕಿಂಗ್ ಸಾಲಿನಿಂದ ಮೆಲ್ಲಗೆ ಮುಂದೆ ತಂದೆ, ನಡೆಯುವವರ ವೇಗಕ್ಕಿಂತ ಹೆಚ್ಚೇನೂ ಇರಲಿಲ್ಲ. ಅವಳು ಕೈಚೀಲ ಹಿಡಿದು ಮುಂದಿನಿಂದ ಅಡ್ಡ ಬಂದಳು. ನಾನು ಬ್ರೇಕು ಒತ್ತಿದೆ. ಒತ್ತಿದ ಕ್ಷಣಕ್ಕೇ ಗಾಡಿ ಕೀಂ ಕೀಂ ಎಂದು ಕಿರುಚಿ, ಇಂಜಿನ್ನು ತಾನಾಗಿಯೇ ಗರ್ಜಿಸಿ, ಮುಗ್ಗರಿಸಿದಂತೆ ನಿಂತಿತು. ಅಷ್ಟಕ್ಕೇ ಮುಗಿಯಲಿಲ್ಲ. ಒಂದೆರಡು ಸೆಕೆಂಡು ಬಿಟ್ಟು ಮತ್ತೆ ತಾನಾಗಿಯೇ ಒಂದು ಚಕ್ರದಷ್ಟು ಮುಂದಕ್ಕೆ ಜಗ್ಗಿತು. ಅಷ್ಟರಲ್ಲಿ ಫುಮಿ ಪಕ್ಕಕ್ಕೆ ಸರಿದಿದ್ದಳು. ಗಾಬರಿಯಲ್ಲಿ ಚೀಲ ಕೆಳಗೆ ಬಿಟ್ಟಿದ್ದಳು, ಅದರ ಮೇಲೆ ಚಕ್ರ ಹತ್ತಿತು. ಹತ್ತು ಮೊಟ್ಟೆ, ಒಂದು ತೋಫು, ಎಲ್ಲ ಕಲಸಿ ಹೋಯಿತು.

ಚೀಲವನ್ನು ಹಾಗೆ ಬಿಡಬಾರದಿತ್ತು ಎಂದೆ. ಅವಳು ಕಾಗದದ ಕರವಸ್ತ್ರದಿಂದ ಚಕ್ರ ಒರೆಸಿದಳು.

ಕಂಪನಿಯವರಿಗೆ ಕಾಗದ ಬರೆಯಬೇಕು.

ಅಕ್ಟೋಬರ್ 11, ಬುಧವಾರ

ಇವತ್ತು ಹಿರಿಯರ ತರಗತಿ. ಎಪ್ಪತ್ತೈದು ದಾಟಿ, ರಸ್ತೆಯಲ್ಲಿ ಏನಾದರೂ ತಪ್ಪು ಮಾಡಿ ಸಿಕ್ಕಿಬಿದ್ದವರಿಗೆ ಲೈಸೆನ್ಸ್ ನವೀಕರಿಸುವ ಮುಂಚೆ ನಮ್ಮ ಡ್ರೈವಿಂಗ್ ಶಾಲೆಯ ಅಂಗಳದಲ್ಲೇ ಓಡಿಸುವ ಪರೀಕ್ಷೆ. ಆರು ಜನ ಬಂದಿದ್ದರು. ಇಬ್ಬರನ್ನು ನಪಾಸು ಮಾಡಿದೆ.

ಒಬ್ಬರು ಹೊಶಿನಾ ಕಿನು ಅಜ್ಜಿ. ಎಪ್ಪತ್ತೊಂಬತ್ತು. ಮೂವತ್ತೊಂದು ವರ್ಷದ ಹಿಂದೆ ನಾನು ಈ ಕೆಲಸಕ್ಕೆ ಸೇರಿದಾಗ ನನ್ನ ಮೊದಲ ವರ್ಷದ ಶಿಷ್ಯೆ. ಗಂಡ ತೀರಿಕೊಂಡ ಮೇಲೆ ಉಪ್ಪಿನಕಾಯಿ ಪೀಪಾಯಿಗಳನ್ನು ಹೆದ್ದಾರಿ ಬದಿಯ ಮಾರುಕಟ್ಟೆಗೆ ಒಯ್ಯಲು ಯಾರೂ ಇಲ್ಲದೆ ನಲವತ್ತೆಂಟನೆಯ ವಯಸ್ಸಿನಲ್ಲಿ ಕಲಿತವರು. ಅವತ್ತಿನಿಂದ ಇವತ್ತಿನವರೆಗೆ ಅದೇ ಪುಟ್ಟ ಬಿಳಿ ಸಾಮಾನು ಗಾಡಿ, ಅದೇ ಮೂಲಂಗಿ ಉಪ್ಪಿನಕಾಯಿ. ಬೇಸಿಗೆಯಲ್ಲಿ 'ನಿಲ್ಲಿ' ಫಲಕದ ಮುಂದೆ ಪೂರ್ತಿ ನಿಲ್ಲಿಸದೆ ಹೋಗಿ ಪೊಲೀಸರ ಕೈಗೆ ಸಿಕ್ಕಿದ್ದಾರೆ.

ಅಂಗಳದಲ್ಲಿ ಒಂದು ಮೆಟ್ಟಿಲು ಕಟ್ಟಿದ್ದೇವೆ, ಒಂದು ಗೇಣಿಗೂ ಕಡಿಮೆ ಎತ್ತರ. ಅದರ ಮೇಲೆ ಚಕ್ರ ಹತ್ತಿಸಲು ಆಕ್ಸಿಲರೇಟರ್ ಒತ್ತಲೇಬೇಕು. ಹತ್ತಿದ ಕೂಡಲೇ ಕಾಲು ಬದಲಿಸಿ ಬ್ರೇಕು ಒತ್ತಿ ಒಂದು ಮೀಟರಿನೊಳಗೆ ನಿಲ್ಲಬೇಕು. ಕಾಲಿಗೂ ತಲೆಗೂ ಇನ್ನೂ ಮಾತುಕತೆ ಇದೆಯೇ ಎಂದು ನೋಡಲು ಇದಕ್ಕಿಂತ ನೇರವಾದ ಪರೀಕ್ಷೆ ಇಲ್ಲ. ಶಾಲೆಯ ಹೊಸ ಗಾಡಿಗಳಲ್ಲೂ ತಾನಾಗಿ ನಿಲ್ಲುವ ಯಂತ್ರ ಬಂದಿದೆ, ಪರೀಕ್ಷೆಗೆ ಅದನ್ನು ಆಫ್ ಮಾಡಿಬಿಡುತ್ತೇವೆ. ಕಿನು ಅಜ್ಜಿ ಒಂದು ಮೀಟರು ಎಂಬತ್ತಕ್ಕೆ ನಿಂತರು. ಅದೂ ನಾನು ಎಡಗಡೆಯಿಂದ ಬ್ರೇಕು ಒತ್ತಿದ ಮೇಲೆ.

"ಬೂಟು ಹೊಸದು ಮೇಷ್ಟ್ರೇ, ಅಡಿ ದಪ್ಪ," ಎಂದರು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಅಂದೆ. ಅಜ್ಜಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಮತ್ತೆ ಬರಬಹುದು, ಎಷ್ಟು ಸಲ ಬೇಕಾದರೂ ಪರೀಕ್ಷೆ ಕೊಡಬಹುದು. ಅಲ್ಲಿಯವರೆಗೆ ಹಳೆ ಬೂಟು ಹಾಕಿ ಅಭ್ಯಾಸ ಮಾಡುತ್ತೇನೆ ಎಂದು ಹೋದರು.

ನನ್ನ ಕಾಲು ಸೋತಿಲ್ಲ ಎನ್ನುವುದಕ್ಕೆ ಇಷ್ಟೇ ಸಾಕು. ಮೇಷ್ಟ್ರ ಸೀಟು ಎಡಗಡೆ. ಅಲ್ಲಿ ಕಾಲ ಕೆಳಗೆ ಇರುವುದು ಒಂದೇ ಪೆಡಲು, ಬ್ರೇಕು. ಮೂವತ್ತೊಂದು ವರ್ಷ ಈ ಬಲಗಾಲು ಅದನ್ನು ಒತ್ತಿದೆ. ಹುಡುಕಬೇಕಿಲ್ಲ, ನೋಡಬೇಕಿಲ್ಲ, ಎದೆ ಧಸಕ್ಕೆಂದರೆ ಕಾಲು ಕೆಳಗಿರುತ್ತದೆ. ಈ ಊರಿನಲ್ಲಿ ಎಷ್ಟು ಜನ ಆ ಕಾಲಿನಿಂದ ಬದುಕಿದ್ದಾರೋ ಯಾರು ಬಲ್ಲರು.

ಅಕ್ಟೋಬರ್ 14, ಶನಿವಾರ

ಫುಮಿಗೆ ಹೊಸದೊಂದು ಅಭ್ಯಾಸ ಹತ್ತಿದೆ. ಅಂಗಡಿಯಿಂದ ಬಂದು ಪಾರ್ಕಿಂಗಿನ ಕಂಬದ ಹಿಂದೆ ನಿಲ್ಲುತ್ತಾಳೆ. ಗಾಡಿ ಪೂರ್ತಿ ನಿಂತು, ನಾನು ಕೈಬ್ರೇಕು ಎಳೆದ ಮೇಲೆಯೇ ಈಚೆ ಬರುತ್ತಾಳೆ. ನಮ್ಮ ಮನೆ ಮುಂದೆಯೂ ಅಷ್ಟೆ, ಗೇಟಿನ ಒಳಗೆ ನಿಂತು ಕಾಯುತ್ತಾಳೆ. ಏನು ಶಾಸ್ತ್ರ ಇದು ಎಂದು ಕೇಳಿದೆ. ಬಿಸಿಲು ಎಂದಳು. ಅಕ್ಟೋಬರಿನಲ್ಲಿ ಯಾವ ಬಿಸಿಲು?

ಹಾಡಿನ ತರಗತಿಗೆ ಸೇರಿದ್ದಾಳಂತೆ, ಬುಧವಾರ ಶನಿವಾರ, ಹೊಳೆಯಾಚೆ. ಬಿಟ್ಟು ಬರುತ್ತೇನೆ ಎಂದರೆ ಬೇಡ, ಬಸ್ಸಿದೆ ಎಂದಳು. ಅರವತ್ತೆರಡಕ್ಕೆ ಹಾಡು. ಇರಲಿ.

ಇವಳಿಗೂ ಲೈಸೆನ್ಸ್ ಇದೆ, ಪೆಟ್ಟಿಗೆಯಲ್ಲಿ. ಮದುವೆಯಾದ ಹೊಸದರಲ್ಲಿ ನಾನೇ ಒತ್ತಾಯ ಮಾಡಿ ಕೊಡಿಸಿದ್ದು. ಆಮೇಲೆ ಒಂದು ತಿಂಗಳು ನನ್ನನ್ನು ಪಕ್ಕ ಕೂರಿಸಿಕೊಂಡು ಓಡಿಸಿದಳು. ತಿರುವಿನಲ್ಲೆಲ್ಲ ನಾನು ಸ್ವಲ್ಪ ಗಟ್ಟಿಯಾಗಿ ಹೇಳಿದ್ದಕ್ಕೆ ಮುಖ ಊದಿಸಿಕೊಂಡು ಬಿಟ್ಟುಬಿಟ್ಟಳು. ಒಂದೂ ತಪ್ಪು ಮಾಡದವರಿಗೆ ಕೊಡುವ ಚಿನ್ನದ ಪಟ್ಟಿಯ ಲೈಸೆನ್ಸ್. ಓಡಿಸದೆ ಇದ್ದರೆ ತಪ್ಪು ಎಲ್ಲಿಂದ ಬರಬೇಕು!

ಅಕ್ಟೋಬರ್ 20, ಶುಕ್ರವಾರ

ಗಾಡಿ ಮಾರಿದ ಷೋರೂಮಿಗೆ ಹೋದೆ. ಅಲ್ಲಿನ ಮೆಕ್ಯಾನಿಕ್ ನೊನಾಕಾ ಕೂಡ ನನ್ನ ಹಳೆ ಶಿಷ್ಯನೇ. ತಲೆ ನರೆತರೂ ಕೈಕಟ್ಟಿ ನಿಂತು ಕೇಳಿಸಿಕೊಂಡ. ಆಮೇಲೆ ನನಗೇ ಪಾಠ ಶುರು ಮಾಡಿದ.

ಒಳಗಿನ ಕನ್ನಡಿಯ ಹಿಂದೆ ಗಾಜಿಗೆ ಅಂಟಿಕೊಂಡು ಎರಡು ಕಣ್ಣಿವೆಯಂತೆ, ಮನುಷ್ಯನ ಹಾಗೆ. ಎಡಗಣ್ಣು ಕಂಡದ್ದಕ್ಕೂ ಬಲಗಣ್ಣು ಕಂಡದ್ದಕ್ಕೂ ಇರುವ ವ್ಯತ್ಯಾಸದಿಂದ ಮುಂದಿರುವುದು ಎಷ್ಟು ದೂರ ಎಂದು ಅಳೆಯುತ್ತದೆ. ಎಷ್ಟು ಬೇಗ ಹತ್ತಿರವಾಗುತ್ತಿದೆ ಎಂದೂ ನೋಡುತ್ತದೆ. ಡಿಕ್ಕಿ ಆಗಬಹುದು ಎನ್ನಿಸಿದರೆ ಮೊದಲು ಕೂಗುತ್ತದೆ. ಓಡಿಸುವವನು ಏನೂ ಮಾಡದಿದ್ದರೆ ಮೆಲ್ಲಗೆ ಬ್ರೇಕು ತಾಗಿಸುತ್ತದೆ, ಆಗಲೂ ಮಾಡದಿದ್ದರೆ ಪೂರ್ತಿ ಹಿಡಿಯುತ್ತದೆ. ನಿಧಾನದಲ್ಲಿ ಹೋಗುವಾಗ ನಿಂತೇ ನಿಲ್ಲುತ್ತದೆ, ವೇಗದಲ್ಲಿದ್ದರೆ ಪೆಟ್ಟು ಕಡಿಮೆಯಾಗುತ್ತದೆ ಅಷ್ಟೆ. ಮಂಜು, ಕೊಳೆ ಗಾಜು, ಎದುರು ಬಿಸಿಲು ಇದ್ದರೆ ಅದಕ್ಕೂ ಕಾಣುವುದಿಲ್ಲವಂತೆ. ನಮ್ಮ ಹಾಗೇ ಅನ್ನು, ಎಂದೆ.

ಇನ್ನೊಂದು ಇದೆ ಎಂದ. ಮುಂದೆ ಅಡ್ಡ ಇರುವಾಗ ಯಾರಾದರೂ ಆಕ್ಸಿಲರೇಟರನ್ನು ಜೋರಾಗಿ ತುಳಿದರೆ ಅದು ತಪ್ಪಿ ತುಳಿದದ್ದು ಎಂದು ತಿಳಿದು ಇಂಜಿನ್ನಿನ ಶಕ್ತಿಯನ್ನು ಕತ್ತರಿಸುತ್ತದೆ.

ಅದು ನನಗೆ ಸಂಬಂಧವಿಲ್ಲದ ವಿಷಯ ಎಂದೆ. ಅವನು ತಲೆ ಬಗ್ಗಿಸಿ, ಗಾಡಿ ಎಲ್ಲವನ್ನೂ ಬರೆದಿಟ್ಟುಕೊಂಡಿರುತ್ತದೆ, ಬಿಟ್ಟು ಹೋಗಿ ಮೇಷ್ಟ್ರೇ, ತೆಗೆಸಿ ನೋಡುತ್ತೇನೆ ಎಂದ. ಈ ಗಾಡಿಗೂ ದಿನಚರಿ ಬರೆಯುವ ಚಟ ಇದೆ ಎಂದಾಯಿತು. ಒಳ್ಳೆಯದೇ ಆಯಿತು. ಯಾರ ತಪ್ಪು ಎಂದು ಅದರ ಬಾಯಿಂದಲೇ ಹೊರಡಲಿ.

ಅಕ್ಟೋಬರ್ 27, ಶುಕ್ರವಾರ

ಮಧ್ಯಾಹ್ನ ಊಟದ ಬಿಡುವಿನಲ್ಲಿ ಅಂಗಳ ಖಾಲಿ ಇತ್ತು. ಸುಮ್ಮನೆ ಶಾಲೆಯ ಗಾಡಿ ತೆಗೆದುಕೊಂಡು ಮೆಟ್ಟಿಲ ಮೇಲೆ ಹತ್ತಿಸಿದೆ. ಬಲಗಡೆ, ಓಡಿಸುವವರ ಸೀಟಿನಲ್ಲಿ ಕೂತು. ಎಷ್ಟೋ ವರ್ಷದಿಂದ ಅಲ್ಲಿ ನಾನು ಪರೀಕ್ಷೆಯ ಗಾಡಿ ಓಡಿಸಿಯೇ ಇರಲಿಲ್ಲ.

ಮೊದಲ ಸಲ ಎಂಬತ್ತು ಸೆಂಟಿಮೀಟರಿಗೆ ನಿಂತೆ. ಎರಡನೆಯ ಸಲ ಒಂದು ಮೀಟರಿನ ಗೆರೆಯ ಮೇಲೆ. ಮೂರನೆಯ ಸಲ ಸೂರ್ಯ ನೇರ ಕಣ್ಣಿಗೆ ಹೊಡೆದ. ಬೂಟು ಕೂಡ ಫುಮಿ ತಂದದ್ದು, ಮುಂಗಾಲಿನ ಹತ್ತಿರ ಅಗಲ ಜಾಸ್ತಿ, ಪೆಡಲಿನ ಅಂಚಿಗೆ ತಾಗುತ್ತದೆ. ಅಂಗಳದ ಕೊನೆಯ ರಬ್ಬರು ಕೋನ್ ಬಿತ್ತು, ಎತ್ತಿಟ್ಟೆ. ಯಾರೂ ನೋಡಲಿಲ್ಲ.

ನಾಳೆ ಹಳೆ ಬೂಟು ಹಾಕಬೇಕು.

ನವೆಂಬರ್ 3, ಶುಕ್ರವಾರ

ರಜೆ. ಗಾಡಿ ಇನ್ನೂ ಷೋರೂಮಿನಲ್ಲಿದೆ. ಫುಮಿ ಬೆಳಗ್ಗೆಯಿಂದ ಖುಷಿಯಾಗಿದ್ದಾಳೆ, ತರಕಾರಿ ಹೆಚ್ಚುತ್ತಾ ಏನೋ ಗುನುಗುತ್ತಾಳೆ. ಹಾಡಿನ ತರಗತಿಗೆ ಹೋಗುವವಳು ಇಷ್ಟು ಅಪಸ್ವರದಲ್ಲಿ ಗುನುಗಬಾರದು.

ನವೆಂಬರ್ 7, ಮಂಗಳವಾರ

ನೊನಾಕಾ ಕಾಗದ ಮುಂದಿಟ್ಟ. ಗೆರೆಗಳು. ಅಕ್ಟೋಬರ್ ಎಂಟು, ಹತ್ತು ಗಂಟೆ ಮೂವತ್ತೆಂಟು ನಿಮಿಷ. ಒಂದು ಗೆರೆ ವೇಗ, ಒಂದು ಗೆರೆ ಬ್ರೇಕಿನ ಪೆಡಲು, ಒಂದು ಗೆರೆ ಆಕ್ಸಿಲರೇಟರ್. ಅವನು ಬೆರಳು ತೋರಿಸದೆ ಅಂಗೈ ಚಾಚಿ ತೋರಿಸುತ್ತಿದ್ದ, ದೇವಸ್ಥಾನದಲ್ಲಿ ಏನನ್ನೋ ತೋರಿಸುವವರ ಹಾಗೆ. ಅದೇ ನನ್ನನ್ನು ಇನ್ನಷ್ಟು ಉರಿಸಿತು.

ಬ್ರೇಕಿನ ಗೆರೆ ನೆಲದ ಮೇಲೆ ಮಲಗಿತ್ತು. ಆಕ್ಸಿಲರೇಟರಿನ ಗೆರೆ ನೂರಕ್ಕೆ ಹೋಗಿ ಎರಡು ಮುಕ್ಕಾಲು ಸೆಕೆಂಡು ಅಲ್ಲೇ ಇತ್ತು.

"ಮುಂದಿನವರು ನಲವತ್ತು ಸೆಂಟಿಮೀಟರು ದೂರ ಇದ್ದಾಗ ಗಾಡಿ ನಿಂತಿದೆ ಮೇಷ್ಟ್ರೇ. ನಿಂತ ಮೇಲೆ ಅದು ಹಿಡಿದುಕೊಳ್ಳೋದು ಎರಡೇ ಸೆಕೆಂಡು. ಅಷ್ಟರಲ್ಲಿ ನಾವು ಬ್ರೇಕು ಒತ್ತಬೇಕು. ಒತ್ತಲಿಲ್ಲ ಅಂದ್ರೆ ಬಿಟ್ಟುಬಿಡತ್ತೆ."

ಯಾಕೆ ಬಿಡಬೇಕು, ಹಿಡಿದೇ ಇರಲಿ ಎಂದೆ. ಗೇಟು ಬಿದ್ದು ರೈಲು ಹಳಿಯ ಮೇಲೆ ಸಿಕ್ಕಿಬಿದ್ದವರು ಅದನ್ನು ದೂಡಿಕೊಂಡಾದರೂ ಈಚೆ ಬರಬೇಡವೇ, ಕೊನೆಗೆ ಓಡಿಸುವವರದೇ ತೀರ್ಮಾನ ಅಂತ ಹಾಗೆ ಮಾಡಿದ್ದಾರೆ ಎಂದ.

ಯಂತ್ರ ತಪ್ಪು ಬರೆದಿದೆ ಎಂದೆ. ಆಗಿರಬಹುದು ಎಂದ. ತಾನು ನಂಬದೆಯೂ ಗುರುವಿನ ಮಾತಿಗೆ ತಲೆಯಾಡಿಸಿದ. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಲಕೋಟೆಯಲ್ಲಿಟ್ಟು ಎರಡೂ ಕೈಯಲ್ಲಿ ಕೊಟ್ಟ, ಯಾರಿಗೂ ಹೇಳುವುದಿಲ್ಲ ಎಂದ. ನಾನೇನು ಅವನನ್ನು ಕೇಳಿದ್ದೆನೇ?

ಗಾಡಿ ಮನೆಗೆ ತಂದೆ, ಲಕೋಟೆ ಈ ಪುಸ್ತಕದ ಹಿಂದಿನ ಜೇಬಿನಲ್ಲಿದೆ. ಯಂತ್ರ ಮಾಡಿದವರು ಯಂತ್ರದ ಪರವಾಗಿಯೇ ತಾನೇ ಸಾಕ್ಷಿ ಹೇಳಿಸುವುದು.

ನವೆಂಬರ್ 8, ಬುಧವಾರ

ಕಿನು ಅಜ್ಜಿ ಎರಡನೆಯ ಪರೀಕ್ಷೆಗೆ ಬಂದರು. ಹಳೆಯ ಬಟ್ಟೆ ಬೂಟು, ತಲೆಗೆ ಬಿಳಿ ವಸ್ತ್ರ. ಒಂದು ತಿಂಗಳು ದಿನಾ ಬೆಳಗ್ಗೆ ಅಡಿಗೆಮನೆಯಲ್ಲಿ ಕುರ್ಚಿ ಹಾಕಿಕೊಂಡು, ಎರಡು ಕಟ್ಟಿಗೆ ತುಂಡುಗಳನ್ನು ಪೆಡಲು ಮಾಡಿಕೊಂಡು ನೂರು ಸಲ ಕಾಲು ಬದಲಿಸಿದರಂತೆ. ಸೊಸೆ ಇವರಿಗೆ ಹುಚ್ಚು ಹಿಡಿದಿದೆ ಎಂದುಕೊಂಡಳಂತೆ.

ಮೆಟ್ಟಿಲು ಹತ್ತಿ ಎಪ್ಪತ್ತು ಸೆಂಟಿಮೀಟರಿಗೆ ನಿಂತರು. ನಾನೇ ಟೇಪು ಹಿಡಿದು ಅಳೆದೆ. ಎಡಗಡೆಯಿಂದ ನಾನು ಒತ್ತಲಿಲ್ಲ. 'ನಿಲ್ಲಿ' ಗೆರೆಯ ಮುಂದೆ ಪೂರ್ತಿ ನಿಂತರು, ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿದರು, ತುಟಿ ಅಲ್ಲಾಡಿಸಿ ಮೂರು ಎಣಿಸಿದರು. ನೂರಕ್ಕೆ ತೊಂಬತ್ತು. ಪಾಸು.

ಇಳಿದು ನನಗೆ ಬಗ್ಗಿ ನಮಸ್ಕಾರ ಮಾಡುವಾಗ ಅವರ ಮುಖದಲ್ಲಿ ಶಾಲೆ ಮಕ್ಕಳ ಗೆಲುವಿತ್ತು. ನನಗೆ ಅದನ್ನು ನೋಡಲಾಗಲಿಲ್ಲ. ಯಾಕೆಂದು ಗೊತ್ತಿಲ್ಲ, ಬೆಳಗ್ಗೆಯಿಂದ ತಲೆ ಸಿಡಿಯುತ್ತಿತ್ತು. ಸಲಹೆ ಹೇಳುವುದು ನಮ್ಮ ಕೆಲಸ, ಕೋಣೆಯಲ್ಲಿ ಕೂರಿಸಿ ಹೇಳಿದೆ.

"ಪಾಸೇನೋ ಆಗಿದೀರಿ ಅಜ್ಜಿ. ಇವತ್ತು ನಿಂತ ಕಾಲು ನಾಳೆ ನಿಲ್ಲತ್ತೆ ಅಂತ ಯಾರು ಹೇಳ್ತಾರೆ? ಒಂದು ಮಗೂನ ಕೊಂದ ಮೇಲೆ ಲೈಸೆನ್ಸ್ ವಾಪಸ್ ಕೊಡ್ತೀರಾ?"

ಅಜ್ಜಿ ತಮ್ಮ ಬೂಟು ನೋಡಿಕೊಂಡರು. ಆಮೇಲೆ, ಮೇಷ್ಟ್ರು ಹಾಗಂದ್ರೆ ಹಾಗೇ, ನಂಗೆ ಕಲಿಸಿದೋರು ನೀವೇ ಅಲ್ವಾ ಎಂದು ಎದ್ದರು.

ಹೇಳಿದ್ದರಲ್ಲಿ ತಪ್ಪೇನಿಲ್ಲ. ಎಲ್ಲರಿಗೂ ಹೇಳುವುದನ್ನೇ ಹೇಳಿದೆ.

ನವೆಂಬರ್ 9, ಗುರುವಾರ

ಎಲ್ಲರಿಗೂ ಹೇಳುವುದಿಲ್ಲ. ಪಾಸಾದವರಿಗೆ ಇದುವರೆಗೆ ಹೇಳಿಲ್ಲ.

ನವೆಂಬರ್ 15, ಬುಧವಾರ

ಮಧ್ಯಾಹ್ನ ಕಿನು ಅಜ್ಜಿ ಶಾಲೆಗೆ ಬಂದರು, ಬಸ್ಸಿನಲ್ಲಿ. ಬೆಳಗ್ಗೆ ಪೊಲೀಸ್ ಠಾಣೆಗೆ ಹೋಗಿ ಲೈಸೆನ್ಸ್ ವಾಪಸ್ ಕೊಟ್ಟರಂತೆ. ಅದರ ಬದಲು ಕೊಡುವ ಗುರುತಿನ ಚೀಟಿಯನ್ನು ತೋರಿಸಿದರು. ಇಷ್ಟು ವರ್ಷ ಯಾರಿಗೂ ಏನೂ ಮಾಡದೆ ಓಡಿಸಿದ್ದಕ್ಕೆ ಒಂದು ಚೀಟಿ. ಬಿಳಿ ಗಾಡಿಯನ್ನು ಪಕ್ಕದ ಹಳ್ಳಿಯವನು ತೆಗೆದುಕೊಂಡು ಹೋದ. ಮಾರುಕಟ್ಟೆಯ ಜಾಗವನ್ನು ತಿಂಗಳ ಕೊನೆಗೆ ಬಿಡುತ್ತಾರೆ, ಬಸ್ಸಿನಲ್ಲಿ ಪೀಪಾಯಿ ಹತ್ತಿಸುವುದಿಲ್ಲವಲ್ಲ.

ಸರಿಯಾದ ಹೊತ್ತಿಗೆ ಸರಿಯಾದ ಮಾತು ಹೇಳಿದ್ದಕ್ಕೆ ಎಂದು ನನಗೆ ಒಂದು ಡಬ್ಬಿ ಮೂಲಂಗಿ ಉಪ್ಪಿನಕಾಯಿ ಕೊಟ್ಟರು. ನೇರಳೆ ಬಟ್ಟೆಯಲ್ಲಿ ಗಂಟು ಕಟ್ಟಿ ತಂದಿದ್ದರು. ಗಂಟು ಬಿಚ್ಚಿ, ಬಟ್ಟೆಯನ್ನು ಮಡಿಸಿ ಕಂಕುಳಲ್ಲಿಟ್ಟುಕೊಂಡು, ಡಬ್ಬಿಯ ಮೇಲಿನ ಹೆಸರು ನನ್ನ ಕಡೆ ತಿರುಗುವಂತೆ ಇಟ್ಟರು. ನಾನೂ ಬಗ್ಗಿದೆ. ಅವರು ನನಗಿಂತ ಹೆಚ್ಚು ಬಗ್ಗಿದರು.

ಒಂದು ಸಲ ವಾಪಸ್ ಕೊಟ್ಟ ಲೈಸೆನ್ಸ್ ಮತ್ತೆ ಸಿಗುವುದಿಲ್ಲ. ಮೊದಲಿಂದ ಎಲ್ಲ ಪರೀಕ್ಷೆ ಬರೆಯಬೇಕು. ಎಪ್ಪತ್ತೊಂಬತ್ತಕ್ಕೆ ಯಾರು ಬರೆಯುತ್ತಾರೆ?

ನವೆಂಬರ್ 16, ಗುರುವಾರ

ಸಂಜೆ ಊಟಕ್ಕೆ ಫುಮಿ ಆ ಉಪ್ಪಿನಕಾಯಿ ಹೆಚ್ಚಿ ಇಟ್ಟಳು. ಯಾರು ಕೊಟ್ಟದ್ದು ಎಂದಳು. ಹೇಳಿದೆ. ಪಾಪ, ಫೇಲಾದರಾ ಎಂದಳು. ಇಲ್ಲ, ಪಾಸಾದರು ಎಂದೆ. ಎಷ್ಟಕ್ಕೆ ನಿಂತರು ಎಂದಳು. ಇವಳಿಗೆ ಮೆಟ್ಟಿಲ ವಿಷಯ ಹೇಗೆ ಗೊತ್ತು ಎಂದು ಆಗ ಹೊಳೆಯಲಿಲ್ಲ. ಎಪ್ಪತ್ತು ಎಂದೆ. ಮತ್ತೆ ಯಾಕೆ ಕೊಟ್ಟರು? ವಯಸ್ಸಾಯಿತಲ್ಲ, ನಾನೇ ಹೇಳಿದೆ ಎಂದೆ.

ಅವಳು ಊಟದ ಕಡ್ಡಿಗಳನ್ನು ಕೆಳಗಿಟ್ಟಳು. ದನಿ ಎತ್ತಲಿಲ್ಲ. ಎತ್ತಿದ್ದರೆ ಚೆನ್ನಾಗಿತ್ತು, ನಾನೂ ಎತ್ತಬಹುದಿತ್ತು.

"ಅವತ್ತು ಗಾಡಿ ನಿಂತಾಗ ನಾನು ನಿಮ್ಮ ಮುಖಾನೇ ನೋಡ್ತಿದ್ದೆ ರೀ. ಇಂಜಿನ್ನು ಕಿರುಚ್ತಾ ಇತ್ತು. ಈಗ ಕಾಲು ತೆಗೀತಾರೆ, ಈಗ ತೆಗೀತಾರೆ ಅಂತ ಕಾದೆ. ನೀವು ಇನ್ನೂ ಗಟ್ಟಿಯಾಗಿ ತುಳಿದ್ರಿ. ಹಲ್ಲು ಕಚ್ಚಿಕೊಂಡು ತುಳಿದ್ರಿ. ಆ ಗಾಡಿ ನಂಗೆ ಎರಡು ಸೆಕೆಂಡು ಕೊಡ್ತು, ಅದರಲ್ಲಿ ನಾನು ಈಚೆ ಬಂದೆ."

ಬ್ರೇಕು ಎಂದು ತುಳಿದೆ ಎಂದೆ.

"ಅದು ನಂಗೊತ್ತು. ನೀವು ನನ್ನ ಉಳಿಸೋಕೇ ತುಳಿದಿದ್ದು. ಅದಕ್ಕೇ ಭಯ ನಂಗೆ."

ಆಮೇಲೆ ಅವಳು ಹೇಳಿದ್ದು: ನಾನೇ ಬಂದು ಹೇಳುತ್ತೇನೆ ಎಂದು ದಿನಾ ಕಾದಳಂತೆ. ನಾನು ಮೊಟ್ಟೆಯ ವಿಷಯ ಹೇಳಿದೆನಂತೆ, ಚೀಲದ ವಿಷಯ ಹೇಳಿದೆನಂತೆ, ಕಂಪನಿಯನ್ನು ಬೈದೆನಂತೆ. ನಿನಗೆ ಪೆಟ್ಟಾಯಿತೇ ಎಂದು ಒಂದು ಸಲವೂ ಕೇಳಲಿಲ್ಲವಂತೆ.

ಹಿಂದಿನ ಪುಟ ತೆರೆದು ನೋಡಿದೆ. ಇಲ್ಲಿಯೂ ಬರೆದಿಲ್ಲ.

ನವೆಂಬರ್ 21, ಮಂಗಳವಾರ

ಮಧ್ಯಾಹ್ನ ನಮ್ಮ ಶಾಲೆಯ ಮುಖ್ಯಸ್ಥ ತಾನಿಗುಚಿಯನ್ನು ಅಂಗಳಕ್ಕೆ ಕರೆದೆ. ವಯಸ್ಸಿನಲ್ಲಿ ನನಗಿಂತ ಇಪ್ಪತ್ತು ವರ್ಷ ಚಿಕ್ಕವನು, ನನ್ನ ಕೈಯಲ್ಲೇ ಕಲಿತವನು. ಅರವತ್ತಕ್ಕೆ ನಿವೃತ್ತಿಯಾದ ಮೇಲೂ ವರ್ಷ ವರ್ಷ ನನ್ನನ್ನು ಮುಂದುವರಿಸಿಕೊಂಡು ಬಂದವನೂ ಅವನೇ. ಟೇಪು ಕೈಗೆ ಕೊಟ್ಟು ನಿಲ್ಲಿಸಿದೆ. ಮೆಟ್ಟಿಲ ಮೇಲೆ ಹತ್ತು ಸಲ ಹತ್ತಿಸಿದೆ. ಹಳೆ ಬೂಟು. ಮೋಡ ಇತ್ತು.

80. 90. 75. 130. 85. 210. 95. 160. 90. ಹತ್ತನೆಯದು ಅಳೆಯಲಿಲ್ಲ, ಕಾಲು ಬ್ರೇಕಿಗೆ ಬರಲೇ ಇಲ್ಲ. ಎಡಗಡೆ ಕೂತಿದ್ದ ಇನ್ನೊಬ್ಬ ಮೇಷ್ಟ್ರು ಒತ್ತಿ ನಿಲ್ಲಿಸಿದರು.

ತಪ್ಪಿದ್ದೆಲ್ಲ ಒಂದೇ ಬಗೆ. ಗಾಡಿ ಧಡಕ್ಕೆಂದು ಹತ್ತಿ ಎದೆ ಹಾರಿದಾಗ ಕಾಲು ಪಕ್ಕಕ್ಕೆ ಹೋಗುವುದಿಲ್ಲ. ಇದ್ದಲ್ಲೇ ಕೆಳಕ್ಕೆ ಒತ್ತುತ್ತದೆ. ಮೂವತ್ತೊಂದು ವರ್ಷ ಕಾಲ ಕೆಳಗೆ ಇದ್ದದ್ದು ಒಂದೇ ಪೆಡಲು. ಯಾವುದು ಸಿಕ್ಕರೂ ಅದು ಬ್ರೇಕೇ ಎಂದು ಕಾಲು ನಂಬಿಕೊಂಡಿದೆ.

ತಾನಿಗುಚಿ ಟೇಪನ್ನು ಸುತ್ತಿದ. ಚಳಿಗೆ ಹೀಗಾಗತ್ತೆ ಮೇಷ್ಟ್ರೇ ಎಂದ. ಚಳಿಗಲ್ಲ ಎಂದೆ. ಈ ತಿಂಗಳ ಕೊನೆಗೆ ಕೆಲಸ ಬಿಡುತ್ತೇನೆ ಎಂದೂ ಹೇಳಿದೆ. ಅವನು ಬೇಡ ಎನ್ನಲಿಲ್ಲ. ಒಂದು ಸಲವಾದರೂ ಅನ್ನಬಹುದಿತ್ತು.

ನವೆಂಬರ್ 29, ಬುಧವಾರ

ಗಾಡಿ ಮನೆ ಮುಂದೆ ನಿಂತಿದೆ. ಎಂಟು ದಿನದಿಂದ ನಾನು ಮುಟ್ಟಿಲ್ಲ. ಫುಮಿ ಹಾಡಿನಿಂದ ಬಂದಳು. ಕೈಯಲ್ಲಿ ಹೊಳೆಯಾಚೆಯ ಡ್ರೈವಿಂಗ್ ಶಾಲೆಯ ಲಕೋಟೆ ಇತ್ತು, ಅಡಗಿಸಲಿಲ್ಲ. ಲೈಸೆನ್ಸ್ ಇದ್ದೂ ಓಡಿಸದವರಿಗೆ ಅಲ್ಲಿ ತರಗತಿ ಇದೆಯಂತೆ. ಹದಿನಾಲ್ಕು ಪಾಠ ಮುಗಿಯಿತಂತೆ. ನಮ್ಮ ಶಾಲೆಗೇ ಬರಬಹುದಿತ್ತಲ್ಲ ಎಂದೆ. ಅಲ್ಲಿನ ಮೇಷ್ಟ್ರು ಬೈಯಲ್ಲ ಎಂದಳು.

ನಿನಗೆ ಅವತ್ತು ಪೆಟ್ಟಾಯಿತೇ ಎಂದು ಕೇಳಿದೆ. ಮೊಣಕಾಲು ಕಂಬಕ್ಕೆ ತಾಗಿ ಕಪ್ಪಾಗಿತ್ತು, ಈಗ ಹೋಯಿತು ಎಂದಳು.

ಡಿಸೆಂಬರ್ 2, ಶನಿವಾರ

ಬೆಳಗ್ಗೆ ಸಣ್ಣ ಹಿಮ. ಗಾಜು ಒರೆಸುವಾಗ ಕನ್ನಡಿಯ ಹಿಂದಿನ ಆ ಎರಡು ಕಣ್ಣಿನ ಜಾಗವನ್ನು ಮೊದಲು ಒರೆಸಿದೆ.

ಫುಮಿ ಓಡಿಸಿದಳು. ನಾನು ಎಡಗಡೆ. ಕಿನು ಅಜ್ಜಿಯ ಮನೆಗೆ ಹನ್ನೆರಡು ನಿಮಿಷದ ದಾರಿ. ಮೂರನೆಯ ತಿರುವಿಗೆ ಬರುವಷ್ಟರಲ್ಲಿ ನನ್ನ ಬಲಗಾಲು ಕೆಳಗಿನ ಚಾಪೆಯನ್ನು ತುಳಿದು ಮುದುರಿಸಿಬಿಟ್ಟಿತ್ತು. ಅವಳು ಕೆಳಗೆ ನೋಡದೆಯೇ, ಕಾಲು ಸುಮ್ಮನಿಡಿ ಎಂದಳು. ಬಾಯನ್ನೇನೋ ಸುಮ್ಮನಿಟ್ಟುಕೊಂಡಿದ್ದೆ, ಕಾಲು ಮಾತು ಕೇಳಲಿಲ್ಲ. 'ನಿಲ್ಲಿ' ಗೆರೆಯಲ್ಲಿ ಅವಳು ಪೂರ್ತಿ ನಿಂತಳು. ನಾನು ಅವಳಿಗಿಂತ ಮುಂಚೆ ನಿಂತಿದ್ದೆ, ಬರಿಯ ನೆಲದ ಮೇಲೆ.

ಅಜ್ಜಿ ಹಿತ್ತಿಲ ನಲ್ಲಿಯಲ್ಲಿ ಮೂಲಂಗಿ ತೊಳೆಯುತ್ತಿದ್ದರು. ಕೈ ಕೆಂಪಾಗಿತ್ತು. ಲಕೋಟೆ ತೆಗೆದು ಕಾಗದ ತೋರಿಸಿದೆ. ಅವರಿಗೆ ಗೆರೆ ಅರ್ಥವಾಗಲಿಲ್ಲ. ಬಾಯಿಬಿಟ್ಟೇ ಹೇಳಬೇಕಾಯಿತು: ನಾನು ಹೆಂಡತಿಯ ಮೇಲೆ ಗಾಡಿ ಹತ್ತಿಸುತ್ತಿದ್ದೆ, ಗಾಡಿಯೇ ನಿಂತಿತು. ಮೆಟ್ಟಿಲ ಮೇಲೆ ನೀವು ನಿಂತಿರಿ, ನಾನು ನಿಲ್ಲಲಿಲ್ಲ. ನಿಮಗೆ ಆ ಮಾತು ಹೇಳಿದ ದಿನ ಈ ಕಾಗದ ನನ್ನ ಹತ್ತಿರ ಇತ್ತು.

ಅಜ್ಜಿ ಕೈಲಿದ್ದ ಮೂಲಂಗಿಯನ್ನು ಪೂರ್ತಿ ತೊಳೆದು ಬುಟ್ಟಿಯಲ್ಲಿಟ್ಟರು.

"ಹದಿನೇಳು ದಿನ ಆಯ್ತು ಮೇಷ್ಟ್ರೇ, ಕೊಟ್ಟು," ಎಂದರು. "ಈಗ ಹೇಳ್ತಿದೀರಾ?"

ಬೈಯಲಿಲ್ಲ. ನಲ್ಲಿ ನಿಲ್ಲಿಸಿ, ಫುಮಿಯ ಕಡೆ ತಿರುಗಿ, ಮಾರುಕಟ್ಟೆಯ ಜಾಗವನ್ನು ಇನ್ನೂ ಬೇರೆಯವರಿಗೆ ಕೊಟ್ಟಿಲ್ಲವಂತೆ, ಒಂದು ಪೀಪಾಯಿ ಹಿಡಿಸುತ್ತದೆಯೇ ನಿಮ್ಮ ಗಾಡಿಯಲ್ಲಿ ಎಂದು ಕೇಳಿದರು. ಅದಕ್ಕೇ ಬಂದದ್ದು ಎಂದಳು ಫುಮಿ. ಇದನ್ನು ನನಗೆ ಮೊದಲೇ ಹೇಳಿರಲಿಲ್ಲ. ನಾನು ಪೀಪಾಯಿ ಎತ್ತಲು ಹೋದೆ. ಅಜ್ಜಿ ಬಿಡಲಿಲ್ಲ, ಅವರಿಬ್ಬರೇ ಎತ್ತಿದರು. ಹಿಂದೆ ಇಟ್ಟರೆ ಉರುಳುತ್ತದೆ ಎಂದು ಮುಂದೆ ಎಡಗಡೆ ಸೀಟಿನಲ್ಲಿ ಕೂರಿಸಿ ಬೆಲ್ಟು ಹಾಕಿದರು. ಮೂವತ್ತೊಂದು ವರ್ಷ ನಾನು ಕೂತ ಜಾಗದಲ್ಲಿ ಮೂಲಂಗಿ ಕೂತಿತು.

ನಾನೂ ಅಜ್ಜಿಯೂ ಹಿಂದೆ. ಮಾರುಕಟ್ಟೆಯವರೆಗೆ ಅವರು ಕಿಟಕಿಯಿಂದಾಚೆಯೇ ನೋಡುತ್ತಿದ್ದರು. ಹಿಂದಿನ ಸೀಟಿನಲ್ಲೂ ನನ್ನ ಕಾಲು ಪ್ರತಿ ತಿರುವಿನಲ್ಲಿ ಒತ್ತಿತು. ಫುಮಿ ಎಲ್ಲಿಯೂ ತಪ್ಪಲಿಲ್ಲ. ಗಾಡಿ ಒಂದು ಸಲವೂ ಕೂಗಲಿಲ್ಲ.

ಠಾಣೆಯಲ್ಲಿ ಲೈಸೆನ್ಸ್ ವಾಪಸ್ ಕೊಡುವ ಕಿಟಕಿ ಸೋಮವಾರ ಎಂಟೂವರೆಗೆ ತೆರೆಯುತ್ತದೆ. ಬಿಟ್ಟು ಬರಲಾ ಎಂದಳು ಫುಮಿ. ಬಸ್ಸಿನಲ್ಲಿ ಹೋಗುತ್ತೇನೆ ಎಂದೆ. ಏಳು ಐವತ್ತರ ಬಸ್ಸು. ಸೋಮವಾರ ಕಿನು ಅಜ್ಜಿ ಆಸ್ಪತ್ರೆಗೆ ಹೋಗುವುದೂ ಅದರಲ್ಲೇ ಅಂತೆ, ಬಾಗಿಲ ಪಕ್ಕದ ಸೀಟಿನಲ್ಲಿ. ಅವರ ಪಕ್ಕ ಜಾಗವಿದ್ದರೂ ನಾನು ನಿಂತೇ ಹೋಗುತ್ತೇನೆ.